ಕೀಲೆಣ್ಣೆಯ ಆಯ್ಕೆ: ಗದಗ ಸೀಮೆಯ ಚಕ್ಕಡಿಯಿಂದ ರೋಟರಿ ಎಂಜಿನ್ನಿನ ಪಂದ್ಯದ ಕಾರಿನವರೆಗೆ

೧

ನಮ್ಮ ನಾಡಿನಲ್ಲಿ ಎಣ್ಣೆಯ ಇತಿಹಾಸವನ್ನು ಬರೆಯಹೊರಟವರು ಅದನ್ನು ಬಹುಮಟ್ಟಿಗೆ ಮೂರು ಎಡೆಗಳಲ್ಲಿ ಹುಡುಕಿದ್ದಾರೆ: ದೇವಾಲಯದ ದೀಪದಲ್ಲಿ, ಅಡಿಗೆಯ ಮನೆಯಲ್ಲಿ, ವೈದ್ಯನ ಭರಣಿಯಲ್ಲಿ. ನಾಲ್ಕನೆಯ ಎಡೆಯೊಂದುಂಟು, ಅದು ಗಾಲಿಯ ಗುಂಬ. ಅಚ್ಚಿಗೂ ಗುಂಬಕ್ಕೂ ನಡುವೆ ಸವರಿದ ಎಣ್ಣೆ ಒಂದೆರಡು ದಿನಗಳಲ್ಲಿ ಕಪ್ಪಾಗಿ ಸೋರಿ, ದಾರಿಯ ಧೂಳಿನಲ್ಲಿ ಸೇರಿಹೋಗುತ್ತದೆ. ಸೋರಿಹೋದುದಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದುದಕ್ಕೆ ಇತಿಹಾಸವೂ ಇಲ್ಲವೆಂಬಂತಾಗಿದೆ. ಆದರೆ ಈ ಎಣ್ಣೆಯಿಲ್ಲದೆ ಹತ್ತಿಯ ಅಂಡಿಗೆ ಪೇಟೆಗೆ ಬರುತ್ತಿರಲಿಲ್ಲ, ಜೋಳದ ಚೀಲ ಹಗೇವಿನಿಂದ ಸಂತೆಗೆ ಹೋಗುತ್ತಿರಲಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಪೇಟೆಗಳ ಸುತ್ತಿನ ಸೀಮೆಯನ್ನು ಆಧಾರವಾಗಿಟ್ಟುಕೊಂಡು, ತಿರುಗುವ ಯಂತ್ರಕ್ಕೆ ಎಣ್ಣೆಯನ್ನು ಆರಿಸಿದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ನಾವು ವಿವೇಚಿಸಲು ಯತ್ನಿಸಿದ್ದೇವೆ. ನಮ್ಮ ಮುಂದಿರುವ ಪ್ರಶ್ನೆಗಳು ಎರಡು. ಹಲವು ಎಣ್ಣೆಗಳು ಕೈಗೆ ಸಿಗುತ್ತಿದ್ದಾಗ ಚಕ್ಕಡಿಯವನು ಔಡಲೆಣ್ಣೆಯನ್ನೇ ಏಕೆ ಬಯಸಿದನು? ಇಪ್ಪತ್ತನೆಯ ಶತಮಾನದ ರೋಟರಿ ಎಂಜಿನ್ನುಗಳಿಗೆ, ಕೊನೆಗೆ ಅಂತಹ ಎಂಜಿನ್ನನ್ನು ಹೊತ್ತ ಪಂದ್ಯದ ಕಾರಿಗೆ, ಎಣ್ಣೆಯನ್ನು ಆರಿಸಿದವರ ಕಾರಣಗಳು ಇದರಿಂದ ಬೇರೆಯೇ? ದೇಶೀಯ ಎಣ್ಣೆ ಹಿಂದುಳಿದುದು, ಖನಿಜ ತೈಲ ಮುಂದುವರಿದುದು ಎಂಬ ಸರಳವಾದ ವಿಭಜನೆ ನಮ್ಮ ಪಠ್ಯಗಳಲ್ಲಿ ನೆಲೆಗೊಂಡಿದೆ. ಅದು ನಿಲ್ಲುವಂತಹುದಲ್ಲವೆಂಬುದು ಮುಂದಿನ ವಿವೇಚನೆಯಿಂದ ತಿಳಿದುಬರುವುದು.

೨

ಮೊದಲು ಶಾಸನಗಳ ಸಾಕ್ಷ್ಯವನ್ನು ನೋಡಬಹುದು. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಗಾಣದ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ದೇವರ ನಂದಾದೀವಿಗೆಗೆಂದು ಗಾಣವನ್ನೇ ಬಿಟ್ಟುಕೊಟ್ಟುದುಂಟು; ಪ್ರತಿಯೊಂದು ಗಾಣದಿಂದ ಇಷ್ಟು ಸೊಲ್ಲಗೆ ಎಣ್ಣೆಯೆಂದು ಗೊತ್ತುಮಾಡಿದುದುಂಟು. ತೆಲ್ಲಿಗರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡು ಇಂತಹ ದಾನಗಳಲ್ಲಿ ಪಾಲುಗೊಂಡುದೂ ಕಂಡುಬರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬವನಿದ್ದನು. ಕಾಯಕವೇ ಅವನ ಹೆಸರಿನ ಮೊದಲ ಭಾಗವಾಯಿತು.

ಆದರೆ ಈ ಎಲ್ಲ ಉಲ್ಲೇಖಗಳೂ ದೀಪದ ಎಣ್ಣೆಗೆ ಸಂಬಂಧಿಸಿದವು. ಕಾರಣ ಸ್ಪಷ್ಟವಾಗಿದೆ. ಶಾಸನವು ದಾನವನ್ನು ದಾಖಲಿಸುತ್ತದೆ, ಬಳಕೆಯನ್ನಲ್ಲ. ದೀಪಕ್ಕೆ ಕೊಟ್ಟ ಎಣ್ಣೆ ಪುಣ್ಯದ ಲೆಕ್ಕಕ್ಕೆ ಸೇರುತ್ತದೆ. ಅಚ್ಚಿಗೆ ಸವರಿದ ಎಣ್ಣೆ ಬಾಡಿಗೆಯ ಲೆಕ್ಕಕ್ಕೂ ಸೇರುವುದಿಲ್ಲ. ಇದರಿಂದ ಬಂಡಿಯ ಸಂಚಾರ ಕಡಿಮೆಯಿತ್ತೆಂದು ತೀರ್ಮಾನಿಸಲಾಗದು. ಇಂದಿನ ಮುಂಡರಗಿ ತಾಲ್ಲೂಕಿಗೆ ಸೇರಿದ ಡಂಬಳದಲ್ಲಿ ದೊರೆತ ಕ್ರಿ.ಶ. ೧೦೯೫ರ ಶಾಸನವು, ಧರ್ಮವೊಳಲೆಂದು ಹೆಸರಾಗಿದ್ದ ಆ ಪಟ್ಟಣದಲ್ಲಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ವಿಹಾರವನ್ನು ಕಟ್ಟಿಸಬಲ್ಲ ವರ್ತಕರ ಪಟ್ಟಣಕ್ಕೆ ಸರಕು ಬರುತ್ತಿತ್ತು, ಹೋಗುತ್ತಿತ್ತು. ಹೇರೆತ್ತು, ಕತ್ತೆ, ಕೋಣಗಳ ಜೊತೆಗೆ ಬಂಡಿಯೂ ಆ ಸರಕನ್ನು ಸಾಗಿಸುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಶಾಸನವು ಮೌನವಾಗಿರುವೆಡೆ ಶಾಸ್ತ್ರವು ಮಾತಾಡುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ ಮೂರು ದೃಷ್ಟಾಂತಗಳು ಬರುತ್ತವೆ: ಜಿಡ್ಡು ಹೀರಿದ ಮಡಕೆ, ಎಣ್ಣೆ ತಿಕ್ಕಿದ ತೊಗಲು, ಎಣ್ಣೆ ಹಾಕಿದ ಬಂಡಿಯ ಅಚ್ಚು. ಮೂರೂ ಗಟ್ಟಿಯಾಗಿ ಕಷ್ಟವನ್ನು ತಾಳುವಂತೆ ಶರೀರವೂ ತಾಳುವುದೆಂಬುದು ಅಲ್ಲಿಯ ಅಭಿಪ್ರಾಯ. ಜೈನ ಆಚಾರಗ್ರಂಥಗಳಲ್ಲಿ ಮುನಿಯ ಆಹಾರಸ್ವೀಕಾರಕ್ಕೆ ಅಕ್ಷಮ್ರಕ್ಷಣವೆಂಬ ಹೆಸರಿದೆ. ಅಚ್ಚಿಗೆ ಎಣ್ಣೆ ಸವರುವುದು ಎಂದು ಅದರ ಅರ್ಥ. ರತ್ನ ತುಂಬಿದ ಬಂಡಿ ಗುರಿಯನ್ನು ಮುಟ್ಟಬೇಕಾದರೆ ವರ್ತಕನು ಯಾವುದಾದರೂ ಒಂದು ಜಿಡ್ಡನ್ನು ಅಚ್ಚಿಗೆ ಸವರುವಂತೆ, ಗುಣವೆಂಬ ರತ್ನವನ್ನು ಹೊತ್ತ ದೇಹವು ಸಾಗುವಷ್ಟು ಮಾತ್ರ ಮುನಿಯು ಅನ್ನವನ್ನು ಸ್ವೀಕರಿಸಬೇಕೆಂದು ಅಕಲಂಕನು ತತ್ತ್ವಾರ್ಥರಾಜವಾರ್ತಿಕದಲ್ಲಿ ವಿವರಿಸಿದ್ದಾನೆ. ಪುಲಿಗೆರೆ ಮುನ್ನೂರರ ರಾಜಧಾನಿಯಾಗಿದ್ದ ಲಕ್ಷ್ಮೇಶ್ವರವು ಶಂಖಬಸದಿಯ ಊರು, ಜೈನರ ದೊಡ್ಡ ನೆಲೆ. ಇಂತಹ ಊರಿನ ಬಸದಿಯಲ್ಲಿ ಈ ಉಪಮೆಯನ್ನು ಕೇಳಿದ ವರ್ತಕನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಾವುದಾದರೂ ಒಂದು ಜಿಡ್ಡು ಸಾಕೆಂಬುದು ಮುನಿಯ ಮಾತು; ರುಚಿಯನ್ನು ಆರಿಸಬಾರದೆಂಬುದು ಅವನ ವ್ರತ. ಬಂಡಿ ಹೊಡೆಯುವವನಿಗೆ ಅಂತಹ ವ್ರತವಿರಲಿಲ್ಲ. ಅವನು ಆರಿಸುತ್ತಿದ್ದನು, ಆರಿಸಲೇಬೇಕಾಗಿತ್ತು.

೩

ಈ ಸೀಮೆಯ ಕಪ್ಪು ನೆಲದಲ್ಲಿ ಎಣ್ಣೆಕಾಳುಗಳಿಗೆ ಬಡತನವಿಲ್ಲ. ಕುಸುಬೆ, ಎಳ್ಳು, ಗುರೆಳ್ಳು, ಅಗಸೆ, ಔಡಲ ಇವು ಹಳೆಯವು. ಶೇಂಗಾ ಮತ್ತು ಹತ್ತಿಕಾಳಿನ ಎಣ್ಣೆ ಈಚಿನವು. ಕುಸುಬೆ, ಅಗಸೆಗಳ ಎಣ್ಣೆಯನ್ನು ತೆಳುವಾಗಿ ಹರಡಿ ಗಾಳಿಗಿಟ್ಟರೆ ಅದು ಒಣಗಿ ಪೊರೆಗಟ್ಟುತ್ತದೆ. ಅಗಸೆಯೆಣ್ಣೆ ಬಣ್ಣದ ಕೆಲಸಕ್ಕೆ ಒದಗಿದುದು ಈ ಗುಣದಿಂದಲೇ. ಅಚ್ಚಿಗೆ ಒದಗದೆ ಹೋದುದೂ ಇದೇ ಗುಣದಿಂದ. ಎಳ್ಳು, ಶೇಂಗಾಗಳ ಎಣ್ಣೆ ಅಷ್ಟು ಬೇಗ ಒಣಗದು, ಆದರೆ ತೆಳ್ಳಗಿರುತ್ತದೆ. ಬೇಸಗೆಯ ಬಿಸಿಲಿನಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಮೇಲಾಗಿ ಅವು ಉಣ್ಣುವ ಎಣ್ಣೆಗಳು. ಔಡಲೆಣ್ಣೆ ಈ ಮೂರೂ ದೋಷಗಳಿಂದ ದೂರವಾದುದು. ಅದು ಸುಲಭವಾಗಿ ಒಣಗುವುದಿಲ್ಲ, ಊಟದ ಎಲೆಗೆ ಬರುವುದಿಲ್ಲ, ಮತ್ತು ಬಹಳ ದಪ್ಪವಾದುದು.

ಈ ದಪ್ಪವನ್ನು ರಸಾಯನಶಾಸ್ತ್ರವು ಹೀಗೆ ವಿವರಿಸುತ್ತದೆ. ಔಡಲೆಣ್ಣೆಯ ಹೆಚ್ಚಿನ ಭಾಗ, ಎಂದರೆ ನೂರಕ್ಕೆ ೮೫ರಿಂದ ೯೦ರಷ್ಟು, ರಿಸಿನೋಲಿಕ್ ಆಮ್ಲದಿಂದ ಕೂಡಿದೆ. ಬೇರೆ ಎಣ್ಣೆಗಳ ಆಮ್ಲಗಳಲ್ಲಿಲ್ಲದ ಹೈಡ್ರಾಕ್ಸಿಲ್ ಗುಂಪೊಂದು ಇದರಲ್ಲಿದೆ. ಈ ಗುಂಪು ಅಣುವನ್ನು ಅಣುವಿಗೂ, ಎಣ್ಣೆಯನ್ನು ಲೋಹಕ್ಕೂ ಹಿಡಿದಿಡುತ್ತದೆ. ಆದುದರಿಂದ ೪೦ ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಔಡಲೆಣ್ಣೆಯ ಸ್ನಿಗ್ಧತೆ ಇತರ ಬಹುತೇಕ ಸಸ್ಯದೆಣ್ಣೆಗಳ ಸ್ನಿಗ್ಧತೆಗಿಂತ ಆರೇಳು ಪಾಲು ಹೆಚ್ಚು. ಚಕ್ಕಡಿಯವನಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ. ಬೆರಳುಗಳ ನಡುವೆ ಎಳೆದಾಗ ಬರುವ ಎಳೆ ತಿಳಿದಿತ್ತು.

ಎಣ್ಣೆಯನ್ನು ಹಾಗೆಯೇ ಹಾಕುವುದರ ಜೊತೆಗೆ, ಸುಟ್ಟ ಹುಲ್ಲಿನ ಮಸಿಯನ್ನು ಅರೆದು ಅದರಲ್ಲಿ ಕಲಸಿ ಹಾಕುವ ಪದ್ಧತಿಯೂ ಇತ್ತು. ಕಪ್ಪಾದ ಈ ಮಿಶ್ರಣವೇ ಕೀಲೆಣ್ಣೆ. ಮಸಿಯು ಎಣ್ಣೆಯನ್ನು ಹೀರಿ ಹಿಡಿದು, ಅದು ಒಮ್ಮೆಗೆ ಸೋರದಂತೆ ಮಾಡುತ್ತದೆ. ಎಣ್ಣೆ ತೀರಿದ ಮೇಲೆಯೂ ಮರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ನುಣುಪಾದ ಪದರವಾಗಿ ನಿಲ್ಲುತ್ತದೆ. ಇಂದಿನ ವಿಜ್ಞಾನಗ್ರಂಥಗಳು ಯಂತ್ರಗಳಿಗೆ ಹಾಕುವ ಎಲ್ಲ ಎಣ್ಣೆಗಳಿಗೂ ಕೀಲೆಣ್ಣೆಯೆಂಬ ಪದವನ್ನೇ ಬಳಸುತ್ತಿರುವುದು ಉಚಿತವಾಗಿದೆ.

ಚಕ್ಕಡಿಯ ರಚನೆಯನ್ನೂ ಇಲ್ಲಿ ನೆನಪಿನಲ್ಲಿಡಬೇಕು. ಇದರಲ್ಲಿ ಅಚ್ಚು ತಿರುಗುವುದಿಲ್ಲ. ನಿಂತ ಅಚ್ಚಿನ ಸುತ್ತ ಗಾಲಿ ತಿರುಗುತ್ತದೆ. ಗಾಲಿ ಕಳಚದಂತೆ ಹೊರಗೆ ಕಡಾಣಿಯಿರುತ್ತದೆ. ಗುಂಬದ ಎರಡು ಬಾಯಿಗಳೂ ತೆರೆದಿರುವುದರಿಂದ ಎಣ್ಣೆ ಸೋರುವುದು ದೋಷವಲ್ಲ, ರಚನೆಯ ಸ್ವಭಾವ. ಒಳಗೆ ಸೇರಿದ ಮಣ್ಣನ್ನು ಹೊರಗೆ ತಳ್ಳಿಕೊಂಡು ಎಣ್ಣೆ ಹೋಗುತ್ತದೆ; ಹೋದುದು ಮರಳಿ ಬಾರದು. ಹೀಗೆ ಹೋಗುವ ಎಣ್ಣೆಗೆ ವರ್ಷಗಟ್ಟಲೆ ಕೆಡದಿರುವ ಗುಣ ಬೇಕಾಗಿಲ್ಲ. ಇರುವಷ್ಟು ಹೊತ್ತು ಬಿಡದೆ ಹಿಡಿಯುವ ಗುಣ ಬೇಕು.

ಉತ್ತರ ಕರ್ನಾಟಕದ ಹಬ್ಬ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಪ್ರಸಿದ್ಧವಾಗಿದೆ. ಎತ್ತುಗಳು ಬರಿಯ ಬಂಡಿಯನ್ನು ಎಳೆದು, ಸಾಮಾನ್ಯವಾಗಿ ಒಂದು ನಿಮಿಷದಲ್ಲಿ, ಎಷ್ಟು ಅಡಿ ಓಡಿದವೆಂಬುದನ್ನು ಅಳೆದು ಬಹುಮಾನ ಕೊಡುತ್ತಾರೆ. ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಇಂತಹ ಪಂದ್ಯಗಳಿಗೆ ಅಡ್ಡಿಯುಂಟಾಯಿತು. ಕರ್ನಾಟಕವು ಕಂಬಳ ಹಾಗೂ ಎತ್ತಿನ ಬಂಡಿಯ ಓಟಗಳಿಗೆ ಅವಕಾಶ ಕೊಟ್ಟು ಮಾಡಿದ ತಿದ್ದುಪಡಿಯನ್ನು ೨೦೨೩ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶವಿಷ್ಟು: ಹೇರಿನ ಬಂಡಿಗೆ ಒಳ್ಳೆಯದಾದ ದಪ್ಪ ಕೀಲೆಣ್ಣೆ ಓಟದ ಬಂಡಿಗೆ ಭಾರವಾಗುತ್ತದೆ. ಹೇರು ಹೆಚ್ಚಾದಾಗ ಎಣ್ಣೆಯ ಪದರ ಹಿಸುಕಿಹೋಗದಿರಲು ದಪ್ಪ ಬೇಕು. ಹೇರಿಲ್ಲದೆ ವೇಗವೇ ಗುರಿಯಾದಾಗ ಅದೇ ದಪ್ಪ ಗಾಲಿಯನ್ನು ಹಿಡಿಯುತ್ತದೆ. ಎಂದಮೇಲೆ ಎಣ್ಣೆ ತನ್ನಷ್ಟಕ್ಕೆ ತಾನೇ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಭಾರ, ವೇಗ, ಕಾವು ಈ ಮೂರರ ಜೊತೆಗೆ ಇನ್ನೊಂದು ಪ್ರಶ್ನೆ ಅದನ್ನು ನಿರ್ಣಯಿಸುತ್ತದೆ: ಕೆಲಸ ಮಾಡಿದ ಎಣ್ಣೆ ಎಲ್ಲಿಗೆ ಹೋಗುತ್ತದೆ?

೪

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಹೊಲಗಳಿಗೆ ಅಮೆರಿಕದ ಹತ್ತಿ ಬಂದಿತು. ೧೮೪೦ರ ದಶಕದಿಂದ ಧಾರವಾಡ ಜಿಲ್ಲೆಯಲ್ಲಿ, ವಿಶೇಷವಾಗಿ ಗದಗ ಡಂಬಳಗಳ ಕಡೆಯಲ್ಲಿ, ಅದರ ಬೇಸಾಯ ಹರಡಿತು. ಅದರೊಡನೆ ಹತ್ತಿಯನ್ನು ಬಿಡಿಸುವ ಗರಗಸದ ಜಿನ್ನುಗಳೂ ಬಂದವು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗನ್ನು ಕೂಡುನಿಲ್ದಾಣವನ್ನಾಗಿ ಮಾಡಿದ ಮೇಲೆ ಇಲ್ಲಿಯ ವ್ಯಾಪಾರದ ದಿಕ್ಕೇ ಬದಲಾಯಿತು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಆಳುವವರು ಬೇರೆ ಬೇರೆಯಾಗಿದ್ದರೂ ಗದಗಿನ ಪೇಟೆಗೆ ಬರುತ್ತಿದ್ದ ಚಕ್ಕಡಿಯ ಅಚ್ಚು ಒಂದೇ ಬಗೆಯದಾಗಿತ್ತು.

ರೈಲಿನ ಡಬ್ಬಿಯ ರಚನೆ ಚಕ್ಕಡಿಗೆ ತೀರ ವಿರುದ್ಧವಾದುದು. ಇಲ್ಲಿ ಗಾಲಿಗಳು ಅಚ್ಚಿಗೆ ಬಿಗಿದಿರುತ್ತವೆ, ಅಚ್ಚೇ ತಿರುಗುತ್ತದೆ, ಅದರ ತುದಿ ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ಕುಳಿತಿರುತ್ತದೆ. ಎಣ್ಣೆಯಲ್ಲಿ ನೆನೆಸಿದ ನೂಲಿನ ಚಿಂದಿಯನ್ನು ಆ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು. ಭಾರತದ ರೈಲುಗಳಲ್ಲಿ ಮೊದಮೊದಲು ಔಡಲೆಣ್ಣೆಯನ್ನು ಕೀಲೆಣ್ಣೆಯಾಗಿಯೂ ದೀಪದೆಣ್ಣೆಯಾಗಿಯೂ ಹೇರಳವಾಗಿ ಬಳಸಿದರು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆ ತಿಂಗಳುಗಟ್ಟಲೆ ಇರಬೇಕು; ಬಹುಕಾಲ ಕಾವಿಗೂ ಗಾಳಿಗೂ ಸಿಕ್ಕಿದ ಔಡಲೆಣ್ಣೆ ಅಂಟಾಗುತ್ತದೆ. ೧೮೫೯ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡ್ರೇಕನು ತೈಲದ ಬಾವಿಯನ್ನು ಕೊರೆಸಿದ ಮೇಲೆ ಖನಿಜ ತೈಲ ಅಗ್ಗವಾಯಿತು. ಅದು ಬೇಗ ಕೆಡುವುದಿಲ್ಲ, ಬೇಕಾದಷ್ಟು ದಪ್ಪದಲ್ಲಿ ಬಟ್ಟಿಯಿಳಿಸಬಹುದು. ಖನಿಜ ತೈಲವು ರೈಲಿನ ಪೆಟ್ಟಿಗೆಯಲ್ಲಿ ಗೆದ್ದುದು ಅದು ಎಲ್ಲ ವಿಧದಲ್ಲೂ ಮೇಲಾದುದೆಂದಲ್ಲ. ಎಣ್ಣೆಯು ಮರಳಿ ಮರಳಿ ದುಡಿಯಬೇಕಾದ ಕಡೆ ಅದು ಮೇಲಾದುದೆಂದು. ಅದೇ ಗದಗಿನ ನಿಲ್ದಾಣದ ಹೊರಗೆ ನಿಂತ ಚಕ್ಕಡಿಯಲ್ಲಿ ಔಡಲೆಣ್ಣೆ ತನ್ನ ಸ್ಥಾನವನ್ನು ಉಳಿಸಿಕೊಂಡಿತು.

೫

ಈ ತೀರ್ಮಾನಕ್ಕೆ ಅನಿರೀಕ್ಷಿತವಾದ ಬೆಂಬಲ ದೊರೆಯುವುದು ವಿಮಾನದ ಇತಿಹಾಸದಿಂದ. ಫ್ರಾನ್ಸಿನ ಸೆಗೆಂ ಸೋದರರು ೧೯೦೮-೦೯ರ ಸುಮಾರಿಗೆ ನೋಮ್ ಎಂಬ ೫೦ ಅಶ್ವಶಕ್ತಿಯ ವಿಮಾನದ ಎಂಜಿನ್ನನ್ನು ಹೊರತಂದರು. ಇದು ಅಂದಿನ ಅರ್ಥದ ರೋಟರಿ ಎಂಜಿನ್ನು. ಇದರ ನಡುವಿನ ಕ್ರ್ಯಾಂಕ್ ದಂಡವನ್ನು ವಿಮಾನದ ಒಡಲಿಗೆ ಬಿಗಿದಿರುತ್ತಾರೆ. ಸಿಲಿಂಡರುಗಳ ಇಡಿಯ ವರ್ತುಲವೇ ಪ್ರೊಪೆಲರಿನೊಡನೆ ಅದರ ಸುತ್ತ ತಿರುಗುತ್ತದೆ. ನಿಂತ ಅಚ್ಚು, ತಿರುಗುವ ಗಾಲಿ: ಮೂಲತತ್ತ್ವದಲ್ಲಿ ಇದು ಚಕ್ಕಡಿಯ ಗಾಲಿಯೇ.

ಈ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಕ್ರ್ಯಾಂಕಿನ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗಬೇಕು. ಅಲ್ಲಿ ಖನಿಜ ತೈಲವನ್ನು ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತದೆ. ಎರಡೂ ಒಂದೇ ಕುಲದವು. ಔಡಲೆಣ್ಣೆ ಮದ್ಯಸಾರದಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದುದರಿಂದ ಅದು ಲೋಹವನ್ನು ಬಿಡದೆ ಹಿಡಿದು ನಿಂತಿತು. ತಿರುಗುವ ಎಂಜಿನ್ನಿನಿಂದ ಎಣ್ಣೆಯನ್ನು ಮರಳಿ ಕೂಡಿಸುವ ಉಪಾಯವಿರಲಿಲ್ಲ. ಒಳಗೆ ಹೋದುದೆಲ್ಲ ಹೊಗೆಯೊಡನೆ ಹೊರಗೆ ಸಿಡಿದು ವೈಮಾನಿಕನ ಮುಖಕ್ಕೂ ಬಟ್ಟೆಗೂ ಬಡಿಯುತ್ತಿತ್ತು. ಒಂದು ಗಂಟೆಯ ಹಾರಾಟಕ್ಕೆ ಹಲವು ಲೀಟರು ಎಣ್ಣೆ ಬೇಕಾಗುತ್ತಿತ್ತು. ಆ ಹಬೆಯನ್ನು ಸೇವಿಸಿದ ವೈಮಾನಿಕರ ಹೊಟ್ಟೆಯ ಪಾಡನ್ನು ಕುರಿತ ಕತೆಗಳು ಅನೇಕವಿವೆ. ಮಕ್ಕಳಿಗೆ ಔಡಲೆಣ್ಣೆ ಕುಡಿಸಿದ ನಮ್ಮ ಮನೆಗಳಿಗೆ ಅವನ್ನು ವಿವರಿಸಬೇಕಾಗಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ನೋಮ್, ಲ ರೋನ್, ಕ್ಲೆರ್ಜೆ ಎಂಜಿನ್ನುಗಳು ಸಾವಿರಗಟ್ಟಲೆ ಹಾರಿದವು. ಔಡಲ ಯುದ್ಧಸಾಮಗ್ರಿಯಾಯಿತು. ಅಮೆರಿಕದ ಸರಕಾರವು ೧೯೧೮ರಲ್ಲಿ ತನ್ನ ದಕ್ಷಿಣದ ರಾಜ್ಯಗಳಲ್ಲಿ ಔಡಲವನ್ನು ಬೆಳೆಯಿಸಲು ಹೊರಟಾಗ ಬಿತ್ತನೆಯ ಬೀಜಕ್ಕಾಗಿ ಭಾರತದತ್ತ ನೋಡಬೇಕಾಯಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ೧೯೦೯ರ ಸುಮಾರಿಗೆ ತನ್ನ ಹೊಸ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟುದು ಔಡಲದ ಇಂಗ್ಲಿಷ್ ಹೆಸರಿನಿಂದಲೇ. ಹೀಗೆ ಔಡಲದ ಹೆಸರು ಜಗತ್ತಿನ ಡಬ್ಬಿಗಳ ಮೇಲೆ ಅಚ್ಚಾಯಿತು. ಅದನ್ನು ಬಿತ್ತಿದವರ, ಗಾಣದಲ್ಲಿ ಹಿಂಡಿದವರ, ಅಚ್ಚಿಗೆ ಹಾಕಿ ಗುಣವನ್ನು ಅರಿತವರ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ.

೬

ಯುದ್ಧದ ತರುವಾಯ ಆ ಬಗೆಯ ಎಂಜಿನ್ನು ಮರೆಯಾಯಿತು. ರೋಟರಿ ಎಂಬ ಹೆಸರು ಮಾತ್ರ ಇನ್ನೊಂದು ಯಂತ್ರಕ್ಕೆ ಸಂದಿತು. ಜರ್ಮನಿಯ ಫೆಲಿಕ್ಸ್ ವಾಂಕೆಲನು ಎನ್.ಎಸ್.ಯು. ಕಂಪನಿಯಲ್ಲಿ ರೂಪಿಸಿದ ಎಂಜಿನ್ನು ೧೯೫೭ರಲ್ಲಿ ಮೊದಲು ಓಡಿತು. ಇದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರೊಂದು ನಡುವೆ ತುಸು ಸೊಂಟ ಹಿಡಿದಂತಿರುವ ಕೋಣೆಯಲ್ಲಿ ಹೊರಳುತ್ತದೆ. ಅದು ಒಂದು ಸುತ್ತು ಬರುವಷ್ಟರಲ್ಲಿ ದಂಡವು ಮೂರು ಸುತ್ತು ತಿರುಗುತ್ತದೆ. ಪ್ರತಿಯೊಂದು ಮೂಲೆಯಲ್ಲಿಯೂ ಒಂದು ಪಟ್ಟಿಯಿದ್ದು ಅದು ಕೋಣೆಯ ಗೋಡೆಯನ್ನು ಸದಾ ಉಜ್ಜುತ್ತಿರುತ್ತದೆ. ಜಪಾನಿನ ಮಾಜ್ದಾ ಕಂಪನಿ ೧೯೬೭ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರಿನಲ್ಲಿ ಈ ಎಂಜಿನ್ನನ್ನು ಇಟ್ಟಿತು.

ಇಲ್ಲಿ ಎಣ್ಣೆಗೆ ಎರಡು ದಾರಿಗಳಿವೆ, ಎರಡೂ ಪರಸ್ಪರ ವಿರುದ್ಧವಾದುವು. ಬೇರಿಂಗುಗಳನ್ನು ಕಾಯುವ, ರೋಟರಿನ ಒಳಗೆ ಹರಿದು ಅದನ್ನು ತಣಿಸುವ ಎಣ್ಣೆ ಮರಳಿ ತೊಟ್ಟಿಗೆ ಬರುತ್ತದೆ. ಅದು ರೈಲಿನ ಪೆಟ್ಟಿಗೆಯ ಎಣ್ಣೆಯಂತೆ ಬಹುಕಾಲ ಬಾಳಬೇಕು, ಕಾವಿಗೆ ತೆಳುವಾಗಬಾರದು. ಮೂಲೆಯ ಪಟ್ಟಿಗಳಿಗೆಂದು ಸಣ್ಣ ಪಂಪೊಂದು ಹನಿಹನಿಯಾಗಿ ಕೊಡುವ ಎಣ್ಣೆ ಮಾತ್ರ ಮರಳುವುದಿಲ್ಲ, ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಅದು ಚಕ್ಕಡಿಯ ಎಣ್ಣೆ. ಮೊದಲನೆಯ ಕೆಲಸಕ್ಕೆಂದು ಎಣ್ಣೆಯಲ್ಲಿ ಸೇರಿಸುವ ಸತು, ಕ್ಯಾಲ್ಸಿಯಂಗಳ ಸಂಯುಕ್ತಗಳು ಉರಿದಾಗ ಬೂದಿಯಾಗಿ ಉಳಿಯುತ್ತವೆ. ಆ ಬೂದಿ ಎರಡನೆಯ ಕೆಲಸಕ್ಕೆ ಶತ್ರು. ಸಾಮಾನ್ಯ ಕಾರುಗಳಲ್ಲಿ ಒಂದೇ ಎಣ್ಣೆ ಈ ಎರಡನ್ನೂ ಮಾಡಬೇಕಾಗಿರುವುದರಿಂದ, ಸಂಶ್ಲೇಷಿತ ಎಣ್ಣೆ ಸಲ್ಲುವುದೇ ಇಲ್ಲವೇ ಎಂಬ ವಿವಾದ ರೋಟರಿ ಎಂಜಿನ್ನನ್ನು ಬಲ್ಲವರಲ್ಲಿ ಬಹುಕಾಲ ನಡೆದಿದೆ. ಎಣ್ಣೆಯ ಜಾತಿಗಿಂತ ಅದು ಎಷ್ಟು ಶುದ್ಧವಾಗಿ ಉರಿಯುತ್ತದೆ ಎಂಬುದೇ ಮುಖ್ಯವೆಂದು ತಿಳಿಯುವುದು ಯುಕ್ತ.

ಪಂದ್ಯದ ಕಾರಿನಲ್ಲಿ ಈ ತೊಡಕು ಇನ್ನೂ ತೀವ್ರವಾಗುತ್ತದೆ. ವೇಗ ಹೆಚ್ಚಿದಂತೆ ಎಣ್ಣೆ ಕಾಯುತ್ತದೆ. ಉರಿಯದ ಪೆಟ್ರೋಲು ಬೆರೆತು ತೆಳುವಾಗುತ್ತದೆ. ಆದುದರಿಂದ ೨೦ಡಬ್ಲ್ಯೂ-೫೦ರಂತಹ ದಪ್ಪದ ದರ್ಜೆಯನ್ನು ಆರಿಸುವವರುಂಟು. ಕೆಲವರು ಪಂಪನ್ನೇ ತೆಗೆದುಹಾಕಿ, ಬೂದಿ ಕಡಿಮೆಯಿರುವ ಎರಡು ಹೊಡೆತದ ಎಂಜಿನ್ನಿನ ಎಣ್ಣೆಯನ್ನು ಅಳತೆ ಮಾಡಿ ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ಹೀಗೆ ಮಾಡಿದಾಗ ಎರಡು ಕೆಲಸಗಳಿಗೆ ಎರಡು ಎಣ್ಣೆಗಳಾಗಿ, ಪ್ರತಿಯೊಂದನ್ನೂ ಅದರದರ ಗುಣಕ್ಕೆ ತಕ್ಕಂತೆ ಆರಿಸಲು ಅವಕಾಶವಾಗುತ್ತದೆ. ೧೯೯೧ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ನಾಲ್ಕು ರೋಟರಿನ ಮಾಜ್ದಾ ೭೮೭ಬಿ ಕಾರು ೨೪ ಗಂಟೆಗಳಲ್ಲಿ ೩೬೨ ಸುತ್ತುಗಳನ್ನು, ಎಂದರೆ ೪,೯೦೦ ಕಿಲೋಮೀಟರಿಗೂ ಹೆಚ್ಚು ದೂರವನ್ನು ಓಡಿ ಗೆದ್ದಿತು. ೭೦೦ ಅಶ್ವಶಕ್ತಿಯ ಸುಮಾರಿನ ಆ ಎಂಜಿನ್ನಿನ ಬಾಳಿಕೆಯಲ್ಲಿ ಎಣ್ಣೆಯ ಪದರವೂ ಪಾಲುಗಾರನಾಗಿತ್ತು.

ನೋಮ್ ಎಂಜಿನ್ನಿಗೆ ಅಮೃತದಂತಿದ್ದ ಔಡಲೆಣ್ಣೆ ಈ ರೋಟರಿಗೆ ಏಕೆ ಒಗ್ಗುವುದಿಲ್ಲ? ನೋಮನ್ನು ಕೆಲವೇ ಹತ್ತು ಗಂಟೆಗಳ ಹಾರಾಟಕ್ಕೊಮ್ಮೆ ಬಿಚ್ಚಿ ತೊಳೆಯುತ್ತಿದ್ದರು. ಚಕ್ಕಡಿಯ ಗಾಲಿಯನ್ನೂ ಕಳಚಿ ಹಳೆಯ ಜಿಡ್ಡನ್ನು ಕೆರೆದು ಹೊಸದನ್ನು ಹಾಕುತ್ತಿದ್ದರು. ವಾಂಕೆಲ್ ಎಂಜಿನ್ನನ್ನು ಹಾಗೆ ಬಿಚ್ಚಲಾಗದು; ಔಡಲೆಣ್ಣೆ ಕಾವಿಗೆ ಅರಗಿನಂತಾಗಿ ಪಟ್ಟಿಗಳನ್ನು ಅವುಗಳ ಸೀಳಿನಲ್ಲಿಯೇ ಹಿಡಿದುಬಿಡುವ ಭಯವಿದೆ. ಗುಣ ಬದಲಾಗಲಿಲ್ಲ, ಗುಣಕ್ಕೆ ಎದುರಾದ ಯಂತ್ರ ಬದಲಾಯಿತು.

೭

ಈ ವಿವೇಚನೆಯಿಂದ ಎರಡು ನಿಗಮನಗಳು ಹೊರಡುತ್ತವೆ. ಎಣ್ಣೆಯ ಆಯ್ಕೆಯನ್ನು ಹಳೆಯದು ಹೊಸದು ಎಂಬ ಕ್ರಮದಲ್ಲಿ ಜೋಡಿಸಲಾಗದೆಂಬುದು ಮೊದಲನೆಯದು. ಸೋರಿಹೋಗುವ, ಮರಳಿ ಬರುವ, ಉರಿದುಹೋಗುವ ಎಣ್ಣೆಗಳೆಂದು ವಿಂಗಡಿಸಿದರೆ ಚಕ್ಕಡಿ, ರೈಲು, ವಿಮಾನ, ಪಂದ್ಯದ ಕಾರು ಇವೆಲ್ಲ ಒಂದೇ ಇತಿಹಾಸದ ಅಧ್ಯಾಯಗಳಾಗುತ್ತವೆ. ಎರಡನೆಯದಾಗಿ, ಔಡಲೆಣ್ಣೆ ಸೋತು ಹಿಂದೆ ಸರಿಯಿತೆಂಬ ಮಾತೂ ನಿಜವಲ್ಲ. ೧೯೪೦ರ ದಶಕದಲ್ಲಿ ಬಳಕೆಗೆ ಬಂದ ಲಿಥಿಯಂ ಗ್ರೀಸು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗ್ರೀಸುಗಳಲ್ಲೊಂದು. ಅದಕ್ಕೆ ಗಟ್ಟಿತನವನ್ನು ಕೊಡುವ ಹೈಡ್ರಾಕ್ಸಿ ಸ್ಟಿಯರಿಕ್ ಆಮ್ಲವು ತಯಾರಾಗುವುದು ಔಡಲೆಣ್ಣೆಯಿಂದಲೇ. ಜಗತ್ತಿನ ಔಡಲದ ಬಹುಪಾಲು ಬೆಳೆಯುವುದೂ ಭಾರತದಲ್ಲಿಯೇ. ಅಂದು ಮಸಿಯು ಎಣ್ಣೆಯನ್ನು ಹಿಡಿದಿಟ್ಟಂತೆ ಇಂದು ಔಡಲದ ಆಮ್ಲದಿಂದಾದ ಸಾಬೂನು ಖನಿಜ ತೈಲವನ್ನು ಹಿಡಿದಿಡುತ್ತದೆ. ರಬ್ಬರಿನ ಗಾಲಿಯ ಗಾಡಿಯ ಬೇರಿಂಗಿಗೆ ಇಂತಹ ಗ್ರೀಸನ್ನು ತುಂಬುವ ರೈತನು, ತನ್ನ ಅಜ್ಜನು ಹಾಕುತ್ತಿದ್ದ ಎಣ್ಣೆಯನ್ನೇ ಬೇರೊಂದು ರೂಪದಲ್ಲಿ ಹಾಕುತ್ತಿದ್ದಾನೆ.

ಮರದ ಗಾಲಿಯ ಚಕ್ಕಡಿಗಳು ವಿರಳವಾಗುತ್ತಿವೆ. ಎತ್ತಿನ ಗಾಣಗಳು ಹೆಚ್ಚುಕಡಿಮೆ ನಿಂತಿವೆ. ಯಾವ ಋತುವಿಗೆ ಎಷ್ಟು ಮಸಿ, ಎಷ್ಟು ದೂರಕ್ಕೆ ಎಷ್ಟು ಎಣ್ಣೆ ಎಂಬ ಅರಿವು ಬಡಿಗರು, ಕಮ್ಮಾರರು, ಗಾಣಿಗರು ಮತ್ತು ಹಿರಿಯ ರೈತರ ನೆನಪಿನಲ್ಲಿ ಮಾತ್ರ ಉಳಿದಿದೆ. ಶಾಸನವು ಬರೆಯದುದನ್ನು ಈ ಪೀಳಿಗೆಯು ಬರೆದಿಡದಿದ್ದರೆ ಮುಂದಿನವರಿಗೆ ಅದು ದೊರೆಯಲಾರದು. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಗಾಲಿಯ ಅಂಗಗಳ ಹೆಸರುಗಳನ್ನೂ, ಎಣ್ಣೆಯ ಬೆರಕೆಯ ಪ್ರಮಾಣಗಳನ್ನೂ ಸಂಗ್ರಹಿಸಬೇಕು; ಹಳೆಯ ಗುಂಬವೊಂದು ಸಿಕ್ಕಿದರೆ ಅದರೊಳಗಿನ ಕಪ್ಪು ಜಿಡ್ಡನ್ನು ತೊಳೆಯದೆ ಹಾಗೆಯೇ ಕಾಯ್ದಿಟ್ಟು ರಸಾಯನ ವಿಭಾಗಕ್ಕೆ ಒಪ್ಪಿಸಬೇಕು. ಗದಗ ಸೀಮೆಯ ಕೀಲೆಣ್ಣೆಯ ಇತಿಹಾಸಕ್ಕೆ ಅದೇ ಮೊದಲನೆಯ ನೇರವಾದ ಆಧಾರವಾಗಬಹುದು.